ಮುಲುಂಡಿನ ಫ್ಲಾಟು

"ನೀವಾ...?"

ಬಾಗಿಲು ತೆರೆದವನ ಬಾಯಿಂದಲೂ, ಹೊರಗೆ ಫೈಲು ಹಿಡಿದು ನಿಂತವಳ ಬಾಯಿಂದಲೂ ಒಂದೇ ಮಾತು ಒಟ್ಟಿಗೇ ಹೊರಬಿತ್ತು.

ಶ್ರಾವ್ಯ ಫೈಲನ್ನು ಎದೆಗೊತ್ತಿಕೊಂಡಳು. ಹದಿನೈದು ದಿನದಿಂದ ಮೊಬೈಲಿನಲ್ಲಿ ಕದ್ದು ಕದ್ದು ನೋಡುತ್ತಿದ್ದ ಮುಖ! ಮುಂದಿನ ತಿಂಗಳು ಹೆಣ್ಣು ನೋಡಲು ಬರಬೇಕಿದ್ದ ಮಿಥುನ್, ಇವತ್ತೇ, ತಲೆ ತುಂಬ ಪ್ಲಾಸ್ಟರಿನ ಧೂಳು ಹೊತ್ತು ಎದುರಿಗೆ ನಿಂತಿದ್ದ.

ಅವಳು ಕುಂದಾಪುರದ ಬ್ಯಾಂಕೊಂದರಲ್ಲಿ ಗೃಹಸಾಲದ ಅಧಿಕಾರಿ. ಸಾಲ ಕೇಳಿದವರ ಮನೆ ನೋಡಿ ವರದಿ ಬರೆಯುವುದು ಅವಳ ಕೆಲಸ. ಫೈಲಿನಲ್ಲಿದ್ದ ಹೆಸರು ಪ್ರಭಾವತಿ. ಸಂಬಂಧ ತಂದ ಗೋವರ್ಧನ ಮಾವ ಮಾತ್ರ ಹುಡುಗನಿಗೆ ಎರಡು ಹೋಟೆಲೆಂದು ಹೊಗಳಿ, ಅವನ ತಾಯಿಯನ್ನು ಊರವರಂತೆ 'ಬೇಬಿಯಕ್ಕ' ಎಂದೇ ಹೇಳಿದ್ದ. ಆಸ್ತಿಯೆಲ್ಲ ಹೆಂಗಸರ ಹೆಸರಿನಲ್ಲೇ ಇರುವ ಕರಾವಳಿಯ ಈ ಮನೆತನಗಳಲ್ಲಿ ಸಾಲವೂ ತಾಯಿಯ ಹೆಸರಿನಲ್ಲೇ; ಆದರೆ ಬೇಬಿಯಕ್ಕನೇ ಪ್ರಭಾವತಿ ಎಂದು ಪಾಪ ಅವಳಿಗೆ ಹೇಗೆ ಗೊತ್ತಾಗಬೇಕು?

"ಬ್ಯಾಂಕಿಂದ ಬಂದದ್ದ್... ಮನಿ ಕಾಂಬುಕೆ," ತಡವರಿಸಿದಳು.

"ಹೋ! ನಮ್ ಭಾಷಿ ಬತ್ತಾ ನಿಮ್ಗೆ? ಮುಂಬೈ ಹೆಣ್ ಅಂದಿದ್ರಲೆ ಮಾವ!"

ಅವನು ನಕ್ಕ. ಆ ನಗು ಫೋಟೋದಲ್ಲಿದ್ದದ್ದಕ್ಕಿಂತ ಚೆಂದವಿತ್ತು. ತಾಪತ್ರಯ ಶುರುವಾದದ್ದೇ ಅಲ್ಲಿ!

ಸಾಸ್ತಾನದ ಟೋಲ್ ದಾಟಿ ಎರಡು ತಿರುವು ಒಳಗಿದ್ದ ಆ ಮನೆಯೊಳಗೆ ಹೋದಂತೆಲ್ಲ ಶ್ರಾವ್ಯಳ ಪೆನ್ನು ನಿಧಾನವಾಗುತ್ತ ಬಂತು. ಹನ್ನೆರಡು ಒರಗುಕುರ್ಚಿಗಳ ಹೋಂ ಥಿಯೇಟರಿಗೆ ತೆಗೆದಿಟ್ಟ ಕೋಣೆ. ಎರಡೇ ಅಂತಸ್ತಿಗೆ ಲಿಫ್ಟಿನ ಗೂಡು! ಹಿತ್ತಿಲಲ್ಲಿ ತುಂಬಿದ ಬಾವಿಯ ಪಕ್ಕದಲ್ಲೇ ಈಜುಕೊಳಕ್ಕೆ ಅಗೆದ ಗುಂಡಿ.

ಎಳನೀರು ತಂದ ಪ್ರಭಾವತಿ ಪಿಸುಗುಟ್ಟಿದರು, "ಲಿಫ್ಟ್ ಎಂತಕೆ ಅಂತ ನಂಗೂ ಗೊತ್ತಿಲ್ಲೆ ಮಗಾ. ನನ್ ಕಾಲ್ ಇನ್ನೂ ಗಟ್ಟಿ ಇತ್ತ್."

ಮನೆಯ ಮೇಲೆ ಮೊದಲೇ ಇದ್ದ ಸಾಲದ ಜೊತೆಗೆ ಇನ್ನೂ ಎಪ್ಪತ್ತು ಲಕ್ಷ. ಅಷ್ಟಕ್ಕೆ ಮನೆಯೊಂದೇ ಸಾಲದೆಂದು ಹೆದ್ದಾರಿ ಬದಿಯ ಹೋಟೆಲನ್ನೂ ಅಡವಿಡಲು ಮಿಥುನ್ ಒಪ್ಪಿದ್ದ. ಅವನ ತಂದೆ ಕಟ್ಟಿ ಬೆಳೆಸಿದ ಹೋಟೆಲು ಅದು.

"ಹೋಟ್ಲನ್ನೂ ಇಡ್ತ್ರಾ?" ತಡೆಯಲಾರದೆ ಕೇಳಿದಳು.

"ವ್ಯಾಪಾರ ಚಂದ ಆದ್ರೆ ತೀರ್ಸುಕ್ ಆತ್ತ್. ಹೆದ್ರುದ್ ಎಂತಕೆ?"

ಹೆದರುವುದು ಎಂತಕೆ? ಅವಳಿಗೆ ಗೊತ್ತಿತ್ತು!

ಅವಳ ಅಪ್ಪಯ್ಯ ಲೀಲಾಧರ ಕೂಡ ಹೀಗೇ ನಗುತ್ತಿದ್ದರು. ಮುಂಬೈಯ ಮುಲುಂಡಿನಲ್ಲಿ ಮೂರು ಬೆಡ್‌ರೂಮಿನ ಫ್ಲಾಟು. ಅದರ ಮೇಲೆ ಕಾರಿಗೆಂದು ಒಮ್ಮೆ, ಸಿಂಗಾಪುರ ಪ್ರವಾಸಕ್ಕೆಂದು ಒಮ್ಮೆ, ತಮ್ಮ ತಂಗಿಯ ಮದುವೆಯ ಆಡಂಬರಕ್ಕೆಂದು ಇನ್ನೊಮ್ಮೆ ಸಾಲ. ಕಾಲೇಜಿನಿಂದ ಬಂದ ದಿನ ಬಾಗಿಲಿಗೆ ಅಂಟಿಸಿದ್ದ ಬ್ಯಾಂಕಿನ ಜಪ್ತಿ ನೋಟೀಸನ್ನು ಮೊದಲು ಓದಿದವಳು ಶ್ರಾವ್ಯಳೇ. ಊರಿಗೆ ಬಂದು ಬಾಡಿಗೆ ಮನೆ ಹಿಡಿದರು. ಕೇಳಿದವರಿಗೆಲ್ಲ ಅಪ್ಪಯ್ಯನದು ಒಂದೇ ಉತ್ತರ: "ಫ್ಲಾಟ್ ಬಾಡಿಗಿಗ್ ಕೊಟ್ಟಿದ್ದ್."

'ಬೇಡ ದೇವರೇ... ಮತ್ತೊಬ್ಬ ಅಪ್ಪಯ್ಯನ ಜೊತೆ ಬದುಕೋಕೆ ನನ್ನಿಂದ ಆಗಲ್ಲ.'

ಬ್ಯಾಂಕಿಗೆ ಮರಳಿದವಳೇ ಸಂಬಂಧದ ಮಾತುಕತೆಯ ವಿಷಯ ಹೇಳಿ ಫೈಲನ್ನು ಮ್ಯಾನೇಜರಿಗೆ ಒಪ್ಪಿಸಿದಳು. ಅದು ಸಹೋದ್ಯೋಗಿ ಕೀರ್ತನ್‌ನ ಮೇಜಿಗೆ ಹೋಯಿತು. ಮಿಥುನ್‌ನ ಫೋನು ಬಂದರೆ ಎತ್ತಲಿಲ್ಲ. ಹಾಳು ಮನಸ್ಸು, ಆ ನಗುವನ್ನೇ ನೆನೆಯುತ್ತಿತ್ತು!

ಹನ್ನೆರಡನೆಯ ದಿನ, ಭಾನುವಾರ, ಅವನ ಸಂದೇಶ ಬಂತು.

"ಮನಿ ಇಷ್ಟ ಆಯ್ಲಿಲ್ಯಾ? ಕೆಳಗಿನ್ ನೆಲ ತೆಗ್ಸಿ ಇಟಾಲಿಯನ್ ಮಾರ್ಬಲ್ ಹಾಕ್ಸ್ತೆ. ನಾಳೆ ಬ್ರಹ್ಮಾವರದಲ್ ಸಾಲದ್ ರಿಜಿಸ್ಟ್ರಿ. ಮುಲುಂಡಿನ್ ಫ್ಲಾಟಲ್ಲಿ ಬೆಳ್ದವ್ರ್ ನೀವ್... ನಮ್ಮಲ್ ನಿಮ್ಗ್ ಎಂತದೂ ಕಮ್ಮಿ ಆಗ್ಬಾರ್ದ್."

ಶ್ರಾವ್ಯ ಆ ಸಂದೇಶವನ್ನು ಮತ್ತೊಮ್ಮೆ ಓದಿದಳು.

ಆ ಲಿಫ್ಟು, ಆ ಹನ್ನೆರಡು ಕುರ್ಚಿ, ಆ ಗುಂಡಿ... ಎಲ್ಲ ತನಗಾಗಿ! ಇಲ್ಲದ ಒಂದು ಫ್ಲಾಟಿಗೆ ಸರಿಸಮ ಮಾಡಲು ಅವನು ಇರುವ ಹೋಟೆಲನ್ನು ಅಡವಿಡುತ್ತಿದ್ದಾನೆ!

"ಅಪ್ಪಯ್ಯ, ನಾನ್ ಅವ್ರಿಗೆ ನಿಜ ಹೇಳ್ತೆ."

ಲೀಲಾಧರರ ಮುಖ ಬಿಳಿಚಿತು. "ಮದ್ವಿ ಆಪಲ್ಲಿವರಿಗೆ ಬಾಯಿ ಬಿಡ್ಬೇಡ! ಫ್ಲಾಟ್ ಈಗ್ಳೂ ಇತ್ತ್ ಅಂದೇ ಅವ್ರ್ ಬಂದದ್ದ್. ಇಲ್ಲೆ ಅಂದ್ರೆ ತಿರ್ಗಿ ಕಾಂತ್ರಾ ನಿನ್ನ?"

ಹೇಳಿದರೆ ಅವನು ಹೋಗುತ್ತಾನೆ. ಹೇಳದಿದ್ದರೆ ಅವನ ಹೋಟೆಲು ಹೋಗಬಹುದು. ಏನು ಮಾಡಲಿ...?

ಫೋನಿನಲ್ಲಿ ಹೇಳುವ ಮಾತಲ್ಲವೆಂದು ಸೋಮವಾರ ರಜೆ ಹಾಕಿ ಬ್ರಹ್ಮಾವರದ ಬಸ್ಸು ಹತ್ತಿದಳು. ಹಾಳಾದ ಬಸ್ಸು ಕುಂಭಾಶಿಯಲ್ಲಿ ನಿಂತಿತು, ಕೋಟದಲ್ಲಿ ನಿಂತಿತು, ಕೈ ಅಡ್ಡ ಮಾಡಿದಲ್ಲೆಲ್ಲ ನಿಂತಿತು. ಅವಳು ಗಡಿಯಾರವನ್ನೇ ನೋಡುತ್ತ ಕರವಸ್ತ್ರ ಹಿಂಡುತ್ತಿದ್ದಳು.

ನೋಂದಣಿ ಕಚೇರಿಯ ಜಗಲಿಯಲ್ಲಿ ತಾಯಿ ಮಗ ಬೆಂಚಿನ ಮೇಲಿದ್ದರು. ಮಿಥುನ್‌ನ ಕೈಯಲ್ಲಿ ಹನ್ನೊಂದನೆಯ ಟೋಕನ್. ಒಳಗಿನಿಂದ ಒಂಬತ್ತನೆಯವರನ್ನು ಕರೆದರು.

"ಸಹಿ ಹಾಕ್ಬೇಡಿ!"

ಜಗಲಿಯವರೆಲ್ಲ ತಿರುಗಿ ನೋಡಿದರು. ಮಿಥುನ್ ಎದ್ದು ನಿಂತ. "ಎಂತ ಆಯ್ತ್?"

"ಮುಲುಂಡಲ್ ಫ್ಲಾಟ್ ಇಲ್ಲೆ." ಶ್ರಾವ್ಯ ಬೆಂಚಿನ ಹತ್ತಿರ ಬಂದಳು. "ಸಾಲ ಕಟ್ಟುಕ್ ಆಗ್ದೆ ಬ್ಯಾಂಕಿನವ್ರ್ ತಕಂಡ್ ಆರ್ ವರ್ಷ ಆಯ್ತ್. ನಾವ್ ಬಾಡಿಗಿ ಮನಿಯಲ್ ಇಪ್ಪುದ್. ಅಪ್ಪಯ್ಯ ಹೇಳಿದ್ದ್ ಸುಳ್. ನಾನ್ ಸುಮ್ನಿದ್ದದ್ದೂ ಸುಳ್ಳೇ..."

"ಸುಳ್ಳಾ?"

ಅವನ ಮುಖದಲ್ಲಿ ನಗುವಿನ ಸುಳಿವೂ ಉಳಿಯಲಿಲ್ಲ. ಫೈಲು ಹಿಡಿದು ಒಳಗೆ ಹೋಗಿಬಿಟ್ಟ.

'ಮುಗೀತು...' ಶ್ರಾವ್ಯಳ ಕಣ್ಣು ತುಂಬಿತು. 'ಸಹಿ ಹಾಕಿದನಾ? ಹಾಕಲಿಲ್ಲವಾ? ಅಷ್ಟಾದರೂ ತಿಳಿದಿದ್ದರೆ...'

ಪ್ರಭಾವತಿ ಅವಳ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿಕೊಂಡರು. "ಮರ್ಕಬೇಡ. ನಾವೂ ಸಾಚಾ ಅಲ್ಲ ಮಗಾ. ನಮ್ ಮಾಣಿ ಮಿಥುನಂಗೆ ಎರಡ್ ಹೋಟ್ಲ್ ಅಂತ ನಿಮ್ಗ್ ಹೇಳ್ಸಿದ್ದಲ್ದಾ? ಬೈಂದೂರಿನ್ ಹೋಟ್ಲಿಗ್ ಬಾಗ್ಲ್ ಹಾಕಿ ಎರಡ್ ವರ್ಷ ಆಯ್ತ್!"

ಅಷ್ಟರಲ್ಲಿ ಮಿಥುನ್ ಹೊರಬಂದ. ಕಿವಿಯವರೆಗೆ ಕೆಂಪಾಗಿದ್ದ.

"ಅಮ್ಮ ಹೇಳಿಯಾಯ್ತಾ? ನಿಮ್ಗೆ ಸುಳ್ಳಾ ಅಂತ ಕೇಂಡವ್ನಿಗೆ ನನ್ ಸುಳ್ ನೆನ್ಪಾಯ್ತ್... ಮುಖ ತೋರ್ಸುಕೆ ಆಯ್ಲಿಲ್ಲೆ."

"ಸಹಿ...?"

"ಹಾಕ್ಲಿಲ್ಲೆ. ಸಾಲ ಬ್ಯಾಡ ಅಂತ ಒಳಗಿದ್ದ ಬ್ಯಾಂಕಿನ್ ಕೀರ್ತನ್ ಅವ್ರಿಗೆ ಹೇಳಿ ಬಂದೆ."

ಹನ್ನೆರಡು ದಿನದಿಂದ ಕಟ್ಟಿಕೊಂಡಿದ್ದ ಅಳು ಒಮ್ಮೆಲೇ ಒಡೆಯಿತು. ಜಗಲಿ, ಜನ, ಯಾವುದೂ ಅವಳ ಲೆಕ್ಕಕ್ಕೆ ಬರಲಿಲ್ಲ. "ನಿಮ್ ಅಪ್ಪಯ್ಯನ ಹತ್ರ ನಾನ್ ಮಾತಾಡ್ತೆ," ಎಂದು ಪ್ರಭಾವತಿ ನೀರು ಕುಡಿಯುವ ನೆಪದಲ್ಲಿ ಎದ್ದು ಹೋದರು.

ಮಿಥುನ್ ಮೆಲ್ಲಗೆ ಪಕ್ಕದಲ್ಲಿ ಕುಳಿತ.

"ಮೇಲಿನ್ ಕೋಣಿಗೆ ಇನ್ನೂ ಬಣ್ಣ ಹೊಡ್ದದ್ದಿಲ್ಲೆ. ಆ ಗುಂಡಿಗೂ ಮಣ್ ತುಂಬ್ಕ್. ಇರುದ್ ಒಂದೇ ಹೋಟ್ಲ್... ಇಷ್ಟೇ ನಾನ್. ಆ ಮನಿಗೆ ಬತ್ರಾ?"

ಶ್ರಾವ್ಯ ಕಣ್ಣೊರೆಸಿಕೊಂಡಳು.

"ಹಳೀ ಸಾಲ ಇನ್ನೂ ಎಷ್ಟ್ ಉಳ್ದಿತ್ತ್?"

"ಹದಿನೆಂಟ್ ಲಕ್ಷ."

"ಅರ್ಧ ಕಂತ್ ನನ್ ಸಂಬ್ಳದಲ್ ಕಟ್ತೆ."

ಅವನು ಕಣ್ಣು ಪಿಳಿಪಿಳಿ ಬಿಟ್ಟ. "ಅಂದ್ರೆ...?"

"ಅಂದ್ರೆ ಬತ್ತೆ, ಮಾರಾಯ್ರೆ!"