ಹತ್ತು ದಿನದ ನೋಟಿಸು

ಶಾಲೆ ಮುಚ್ಚುವ ಸುದ್ದಿ ಗೋಡೆಯ ಮೇಲೆಯೇ ಇತ್ತು. ಓದಿದವರು ಮಾತ್ರ ಯಾರೂ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ, ಮಗ ಮರೆತುಹೋದ ನೀರಿನ ಬಾಟಲಿ ಕೊಡಲು ಬಂದ ದರ್ಜಿ ಹೆಂಗಸು ಗೇಟಿನೊಳಗೆ ಕಾಯುತ್ತ ನಿಂತಿದ್ದಳು. ಬೇರೇನೂ ತೋಚದೆ ನೋಟಿಸ್ ಬೋರ್ಡು ಓದಿದಳು. ‘ಈ ಶಾಲೆಯನ್ನು ಹೆದ್ದಾರಿಯಾಚೆಯ ದೊಡ್ಡ ಶಾಲೆಯೊಂದಿಗೆ ವಿಲೀನಗೊಳಿಸಲಾಗುವುದು. ಆಕ್ಷೇಪಣೆಗಳಿದ್ದಲ್ಲಿ ಹತ್ತು ದಿನದೊಳಗೆ ಸಲ್ಲಿಸತಕ್ಕದ್ದು.’ ಕೆಳಗೆ ತಾರೀಕು — ಮೂರು.

ಅಂದು ಹದಿನಾಲ್ಕು.

ಅರ್ಧ ಗಂಟೆಯಲ್ಲಿ ನಲವತ್ತು ಜನ ಸೇರಿದರು. ಎಲ್ಲರದೂ ಒಂದೇ ಪ್ರಶ್ನೆ — ಇದು ಯಾವಾಗ ಬಂತು? ಎಂಬತ್ತಾರು ಮಕ್ಕಳು ದಿನಕ್ಕೆರಡು ಸಲ ಲಾರಿಗಳ ನಡುವೆ ಹೆದ್ದಾರಿ ದಾಟಬೇಕೆ? ಅದಕ್ಕೆ ಒಬ್ಬರೂ ಬೇಡವೆನ್ನಲಿಲ್ಲವೆ?

ಹತ್ತು ಗಂಟೆಗೆ ಊರವರು ‘ಕೆಂಪಿಂಕು ಟೀಚರ್’ ಎಂದು ಕರೆಯುವವರು ಬಂದರು. ಇದೇ ಶಾಲೆಯಲ್ಲಿ ಗಣಿತ ಕಲಿಸಿ, ಆಮೇಲೆ ತನಿಖಾಧಿಕಾರಿಯಾಗಿ ಈ ವಲಯದ ಏಳು ಶಾಲೆಗಳ ಹಾಜರಿ ಪುಸ್ತಕಗಳಿಂದ ಸುಳ್ಳು ಹೆಕ್ಕಿ ತೆಗೆದವರು. ನಿವೃತ್ತರಾಗಿ ಆರು ವರ್ಷವಾಗಿತ್ತು. ಕಷ್ಟ ಬಂದಾಗ ಜನ ಅವರನ್ನು ಕರೆಯುತ್ತಿದ್ದರು. ಅವರು ಬೈಯುತ್ತಲೇ ಬರುತ್ತಿದ್ದರು.

“ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕೋಕೆ ಬಂದಿದ್ದೀರಿ,” ಎಂದರು. “ದಿನಾ ಈ ಗೋಡೆ ಮುಂದೇನೇ ನಿಂತು ಹರಟೆ ಹೊಡೀತೀರಲ್ಲ, ಒಬ್ಬರಿಗೂ ಕಣ್ಣಿರಲಿಲ್ವಾ?”

ಮುಖ್ಯೋಪಾಧ್ಯಾಯಿನಿ ಸೆರಗಿನಿಂದ ಕನ್ನಡಕ ಒರೆಸಿದರು.

“ವಿಲೀನದ ಆದೇಶಕ್ಕೆ ಶಿಕ್ಷಣಾಧಿಕಾರಿ ಯಾವಾಗ ಸಹಿ ಹಾಕ್ತಾರೆ?” ಎಂದು ಟೀಚರ್ ಕೇಳಿದರು.

“ಇವತ್ತು ನಾಲ್ಕು ಗಂಟೆಗೆ. ಈಗಷ್ಟೇ ಕಚೇರಿಗೆ ಫೋನ್ ಮಾಡಿ ಕೇಳಿದೆ,” ಎಂದರು ಮುಖ್ಯೋಪಾಧ್ಯಾಯಿನಿ.

ಅಂದರೆ ಆರು ಗಂಟೆ ಉಳಿದಿತ್ತು. ನೋಟಿಸು ಹತ್ತು ದಿನ ಗೋಡೆಯ ಮೇಲೆ ಇದ್ದದ್ದು ನಿಜವಾದರೆ ಶಾಲೆ ಹೋಯಿತು. ಇರಲಿಲ್ಲವೆಂದು ನಾಲ್ಕರೊಳಗೆ ತೋರಿಸಿದರೆ ಮತ್ತೆ ಹತ್ತು ದಿನ ಸಿಗುತ್ತದೆ, ಹೋರಾಡಲು ಒಂದು ದಾರಿಯಾಗುತ್ತದೆ.

ಬೋರ್ಡೆಂದರೆ ಬೋರ್ಡೇನಲ್ಲ. ಮೊಗಸಾಲೆಯ ಸಿಮೆಂಟು ಗೋಡೆಯ ಮೇಲೆ ಕಪ್ಪು ಬಣ್ಣ ಬಳಿದ ಒಂದು ಚೌಕ, ಸುತ್ತ ಮರದ ಪಟ್ಟಿ. ಅದರ ಮೇಲೆ ವರ್ಷಗಟ್ಟಲೆಯ ಕಾಗದ. ಅದನ್ನು ನೋಡಿಕೊಳ್ಳುವುದು ಅಟೆಂಡರನ ಕೆಲಸ. ಸದಾ ಮೈದಾ ಹಿಟ್ಟಿನ ಗೋಂದಿನ ಡಬ್ಬಿ ಹಿಡಿದು ತಿರುಗುವ ಅವನನ್ನು ಮಕ್ಕಳು ಮೈದಾ ಮಾವ ಎನ್ನುತ್ತಿದ್ದರು. ಈಗ ಎಲ್ಲರೂ ಹಾಗೇ ಅನ್ನುತ್ತಿದ್ದರು.

“ಹಳೇದನ್ನ ಕಿತ್ತು ಹೊಸದು ಹಚ್ಚು ಅಂತ ಇಪ್ಪತ್ತು ವರ್ಷದ ಹಿಂದೇನೇ ಹೇಳಿದ್ದೆ ನಾನು,” ಎಂದರು ಟೀಚರ್.

“ಕಿತ್ರೆ ಬಣ್ಣ ಹೋಗುತ್ತೆ ಟೀಚರ್. ಅದಕ್ಕೇ ಮೇಲೆ ಮೇಲೆ ಹಚ್ತೀನಿ.”

“ನಾನೂ ದಿನಾ ಹೇಳ್ತೀನಿ, ಕೇಳಿದ್ರೆ ತಾನೆ,” ಎಂದರು ಮುಖ್ಯೋಪಾಧ್ಯಾಯಿನಿ.

“ಈ ನೋಟಿಸು ನೀನು ಹಚ್ಚಿದ್ದಾ?” ಎಂದು ಟೀಚರ್ ಮಾವನನ್ನು ಕೇಳಿದರು.

“ಇಲ್ಲ. ನಾನು ಇದನ್ನ ನೋಡಿದ್ದೇ ಇವತ್ತು.”

ಟೀಚರ್ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. ನೋಟಿಸಿನ ಮೂಲೆಗಳ ಮೇಲೆ ಬೆರಳಾಡಿಸಿದರು. ಮಾವ ಹಚ್ಚಿದ ಕಾಗದಗಳು ಗೋಡೆಗೆ ಚರ್ಮದಂತೆ ಅಂಟಿಕೊಂಡಿದ್ದವು. ಇದಕ್ಕೆ ಮಾತ್ರ ನಾಲ್ಕು ಮೂಲೆಯಲ್ಲಿ ಬಾಟಲಿ ಗೋಂದಿನ ಒಂದೊಂದು ಹನಿ. ಬದಿಯನ್ನು ಮೆಲ್ಲಗೆ ಎತ್ತಿ ಒಳಗೆ ಇಣುಕಿದರು.

“ಕೆಳಗಿರೋದು ಯಾವ ಕಾಗದ?”

“ಮಕ್ಕಳ ಕಣ್ಣು ಪರೀಕ್ಷೆದು,” ಎಂದ ಮಾವ. “ಹೋದ ಗುರುವಾರ ಹಚ್ಚಿದ್ದು.”

ಮುಖ್ಯೋಪಾಧ್ಯಾಯಿನಿ ಶಾಲೆಗೆ ಬಂದ ಕಾಗದಗಳನ್ನು ಬರೆದಿಡುವ ಆವಕ ಪುಸ್ತಕ ತರಿಸಿ ನೋಡಿದರು. ಹೌದು, ಒಂಬತ್ತನೇ ತಾರೀಕು.

“ಸರಿ. ಮೂರನೇ ತಾರೀಕಿನ ಕಾಗದ ಒಂಬತ್ತನೇ ತಾರೀಕಿನದರ ಮೇಲೆ ಹೇಗೆ ಕೂತ್ಕೊಂಡಿತು?”

ಗುಂಪಿನಲ್ಲಿ ಗುಸುಗುಸು ಎದ್ದಿತು. ಅಷ್ಟರಲ್ಲಿ ಶಿಕ್ಷಣ ಕಚೇರಿಯ ಗುಮಾಸ್ತ ಕಡತ ಹಿಡಿದು ಬಂದ. ಅವನು ಟೀಚರ ಒಡಹುಟ್ಟಿದ ತಮ್ಮ. ಅವನ ಮಗಳೂ ಇದೇ ಶಾಲೆಯಲ್ಲಿ ಮೂರನೇ ತರಗತಿ.

“ಅಕ್ಕಾ, ಸುಮ್ನೆ ಯಾಕೆ ಬಿಸಿಲಲ್ಲಿ ಬಂದೆ? ದಾಖಲೆ ಪಕ್ಕಾ ಇದೆ. ಮೂರನೇ ತಾರೀಕು ನಾನೇ ಖುದ್ದಾಗಿ ಬಂದು ಹಚ್ಚಿದ್ದೀನಿ. ಫೋಟೋನೂ ಇದೆ, ನೋಡು.”

ಕಡತದಲ್ಲಿ ಫೋಟೋ ಅಂಟಿಸಿತ್ತು. ಚೌಕಟ್ಟಿನ ತುಂಬ ನೋಟಿಸೇ. ನಾಲ್ಕು ಮೂಲೆಗೆ ಹಸಿರು ತಲೆಯ ಗುಂಡುಪಿನ್ನು. ಕೆಳಗೆ ತಮ್ಮನ ಸಹಿ — ‘ಶಾಲೆಯಲ್ಲಿ ಪ್ರಕಟಿಸಲಾಗಿದೆ.’ ಟೀಚರ್ ಅದನ್ನು ಬಹಳ ಹೊತ್ತು ನೋಡಿದರು.

“ಹಾಗಾದ್ರೆ ಇದು ಕಣ್ಣು ಪರೀಕ್ಷೆ ಕಾಗದದ ಮೇಲೆ ಯಾಕಿದೆ?” ಎಂದು ಕೇಳಿದರು.

ತಮ್ಮ ಗೋಡೆ ನೋಡಿದ. “ನಾನು ಹೋದ ಮೇಲೆ ಯಾರೋ ಕಿತ್ತು ಬಚ್ಚಿಟ್ಟು, ಆಮೇಲೆ ಮತ್ತೆ ಹಚ್ಚಿರ್ಬೇಕು. ಗೇಟಿನ ಕೀ ಇರೋದು ಯಾರ ಹತ್ರ? ದಿನವಿಡೀ ಇಲ್ಲಿರೋದು ಯಾರು?” ಅವನು ಮಾವನ ಕಡೆ ಕೈ ತೋರಿಸಿದ. “ಶಾಲೆ ಮುಚ್ಚಿದ್ರೆ ಮಕ್ಕಳನ್ನ ಹೆದ್ದಾರಿಯಾಚೆ ಸಾಗಿಸಿ ದುಡ್ಡು ಮಾಡೋಕೆ ಖಾಸಗಿ ಬಸ್ಸಿನವನೊಬ್ಬ ಕಾಯ್ತಾ ಇದ್ದಾನೆ. ಇವನಿಗೇನು ಆಸೆ ತೋರಿಸಿದ್ನೋ.”

ಜನಕ್ಕೆ ಬೇಕಾದದ್ದು ಸಿಕ್ಕಿತು. ಇಪ್ಪತ್ತೆರಡು ವರ್ಷ ಅವರ ಮಕ್ಕಳ ಮೂಗು ಒರೆಸಿದವನ ಮೇಲೆ ಎಲ್ಲರೂ ಒಟ್ಟಿಗೇ ಮುಗಿಬಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮುಖ್ಯೋಪಾಧ್ಯಾಯಿನಿ ಕೈಚಾಚಿದರು, ಮಾವ ಕೀಗೊಂಚಲನ್ನು ಅವರ ಕೈಗಿಟ್ಟ.

“ಸಾಕು ನಿಮ್ಮ ಪಂಚಾಯ್ತಿ,” ಎಂದರು ಟೀಚರ್. “ಈ ಗೋಡೆ ಯಾರೂ ಮುಟ್ಟಬೇಡಿ. ಅಧಿಕಾರಿಗೆ ನಾನು ಫೋನ್ ಮಾಡ್ತೀನಿ. ಮೂರು ಗಂಟೆಗೆ ಇಲ್ಲೇ ಬರ್ಲಿ. ಕಡತ ನನ್ನ ಹತ್ರ ಇರುತ್ತೆ.”

ಅವರು ಖಾಲಿ ತರಗತಿಯೊಂದಕ್ಕೆ ಹೋಗಿ ಮಕ್ಕಳ ಬೆಂಚಿನ ಮೇಲೆ ಕೂತರು. ಲೆಕ್ಕ ಬಿಡಿಸಿ ಆಗಿತ್ತು. ಬಿಡಿಸದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಜೀವನದಲ್ಲಿ ಮೊದಲ ಬಾರಿಗೆ ಅನ್ನಿಸಿತು. ಅದಕ್ಕೇ ಸಿಟ್ಟೂ ಬಂತು. ಬಾಗಿಲನ್ನು ತೆರೆದೇ ಇಟ್ಟಿದ್ದರು. ಹೊರಗೆ ಮಾವ ಮೆಟ್ಟಿಲ ಮೇಲೆ ಕೂತಿದ್ದ. ಯಾರೂ ಒಳಗೆ ಬರಲಿಲ್ಲ.

ಮೂರು ಗಂಟೆಗೆ ಶಿಕ್ಷಣಾಧಿಕಾರಿ ಬಂದರು. ಸಣ್ಣ ವಯಸ್ಸಿನ ಹೆಂಗಸು, ಮುಖದಲ್ಲಿ ನಿದ್ದೆಗೆಟ್ಟ ಸುಸ್ತು. “ಟೀಚರ್, ನಿಮ್ಮ ಮೇಲಿನ ಗೌರವಕ್ಕೆ ಬಂದಿದ್ದೀನಿ. ಅಟೆಂಡರ್ ನೋಟಿಸು ಕಿತ್ತಿದ್ದು ಖಾತ್ರಿ ಆಗಿದೆಯಂತಲ್ಲ?”

“ಅವನು ಕಿತ್ತಿಲ್ಲ. ಕೀಳೋದಕ್ಕೆ ಅಲ್ಲಿ ಏನೂ ಇರ್ಲಿಲ್ಲ.”

“ಅಂದ್ರೆ?”

“ಈ ಫೋಟೋ ನೋಡಿ. ಮೂಲೆಯಲ್ಲಿ ಏನಿದೆ?”

“ಪಿನ್ನು.”

“ಈಗ ಗೋಡೆ ಮೇಲಿರೋ ನೋಟಿಸಿನ ಮೂಲೆ ಮುಟ್ಟಿ ನೋಡಿ.”

ಅಧಿಕಾರಿ ಬಗ್ಗಿ ಬೆರಳಾಡಿಸಿದರು. ಗೋಂದಿನ ಹನಿಯ ಪಕ್ಕದಲ್ಲೇ ಸಣ್ಣ ತೂತು. ನಾಲ್ಕೂ ಮೂಲೆಯಲ್ಲಿತ್ತು.

“ಅದೇ ಕಾಗದ,” ಎಂದರು ಟೀಚರ್. “ಬೆಳಿಗ್ಗೆಯಿಂದ ನಲವತ್ತು ಜನ ತಾರೀಕು ನೋಡಿದ್ರು, ಒಬ್ಬರೂ ಮೂಲೆ ನೋಡ್ಲಿಲ್ಲ. ಈಗ ಒಂದು ಪಿನ್ನು ತಗೊಂಡು ಈ ಗೋಡೆಗೆ ಚುಚ್ಚಿ.”

ಮುಖ್ಯೋಪಾಧ್ಯಾಯಿನಿ ಪಿನ್ನು ತಂದುಕೊಟ್ಟರು. ಅಧಿಕಾರಿ ಒತ್ತಿದರು. ಕಾಗದಗಳ ಪದರ ದಾಟಿ ಸಿಮೆಂಟಿಗೆ ತಾಗಿ ಪಿನ್ನು ಬಗ್ಗಿತು.

“ಇಲ್ಲಿ ಪಿನ್ನು ನಿಲ್ಲಲ್ಲ,” ಎಂದರು ಅವರು ನಿಧಾನವಾಗಿ. “ಹಸಿರು ಪಿನ್ನು ಇರೋದು ನಮ್ಮ ಕಚೇರಿ ಬೋರ್ಡಲ್ಲಿ.”

“ಹೌದು. ಫೋಟೋ ತೆಗೆದಿದ್ದು ನಿಮ್ಮ ಕಚೇರಿಲಿ. ಅಲ್ಲಿ ಪಿನ್ನು ಚುಚ್ಚಿ, ಫೋಟೋ ಹಿಡಿದು, ‘ಶಾಲೆಯಲ್ಲಿ ಪ್ರಕಟಿಸಲಾಗಿದೆ’ ಅಂತ ಬರೆದಿದ್ದಾರೆ. ಕಾಗದ ಇಲ್ಲಿಗೆ ಬಂದದ್ದು ಒಂಬತ್ತರ ನಂತರ. ಹಳೇದರ ಮೇಲೇ ಹೊಸದು ಹಚ್ಚೋ ಮಾವನ ಅಭ್ಯಾಸ ಈ ಶಾಲೆಯವರಿಗೆ ಗೊತ್ತು. ಹಳೇ ತಾರೀಕಿನ ಕಾಗದವನ್ನ ಹೊಸದರ ಮೇಲೆ ಹಚ್ಚಿ ಸಿಕ್ಕಿಬೀಳೋವಷ್ಟು ದಡ್ಡರು ಇಲ್ಲಿಲ್ಲ. ಗೇಟಿನ ಇನ್ನೊಂದು ಕೀ ನಿಮ್ಮ ಕಚೇರಿಲಿದೆ. ಫೋಟೋ ಕೆಳಗಿನ ಸಹಿ...” ಅವರು ಕಡತವನ್ನು ಅಧಿಕಾರಿಯ ಕೈಗಿಟ್ಟರು. “ಸಹಿ ನನ್ನ ತಮ್ಮನದು.”

ತಮ್ಮ ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡ.

“ಯಾವತ್ತು ಹಚ್ಚಿದೆ?” ಎಂದು ಟೀಚರ್ ಕೇಳಿದರು.

“ಭಾನುವಾರ.”

“ಯಾಕೆ?”

“ಎಲ್ಲ ನೋಟಿಸಿಗೂ ಹಾಗೇ ಮಾಡ್ತೀನಿ ಅಕ್ಕಾ. ಕಚೇರಿಲೇ ಫೋಟೋ ತೆಗೆದು ಕಡತಕ್ಕೆ ಹಾಕಿ, ಆಮೇಲೆ ಆ ಕಡೆ ಹೋದಾಗ ಹಚ್ಚೋದು. ಇದು ಸ್ಕೂಟರಿನ ಡಿಕ್ಕಿಲಿ ಉಳಿದುಹೋಯ್ತು. ಶನಿವಾರ ಮೇಡಂ ಕಡತ ಕೇಳಿದಾಗ ನೆನಪಾಯ್ತು.”

“ಯಾರು ಏನು ಕೊಟ್ರು?”

“ಯಾರೂ ಏನೂ ಕೊಟ್ಟಿಲ್ಲ. ಬಸ್ಸಿನವನ ಪರಿಚಯಾನೂ ಇಲ್ಲ ನನಗೆ.”

ಅದನ್ನು ಕೇಳಿ ಟೀಚರಿಗೆ ಸಮಾಧಾನವಾಗಬೇಕಿತ್ತು, ಮೈಯೆಲ್ಲ ಉರಿಯಿತು. ದುಡ್ಡಿಗೆ ಮಾಡಿದ್ದರೆ ಕಳ್ಳ ಎಂದಾದರೂ ಅನ್ನಬಹುದಿತ್ತು. ಸೋಮಾರಿತನಕ್ಕೆ ಒಂದು ಶಾಲೆಯನ್ನೇ ಮುಳುಗಿಸುವವನಿಗೆ ಏನನ್ನುವುದು?

“ಅದರಲ್ಲಿ ಏನು ಬರೆದಿದೆ ಅಂತ ಓದಿದ್ಯಾ?”

ತಮ್ಮ ತಲೆ ತಗ್ಗಿಸಿದ. “ತಾರೀಕು ಮಾತ್ರ ನೋಡ್ದೆ.”

“ನಿನ್ನ ಮಗಳ ಶಾಲೆ ಕಣೋ ಇದು.”

“ಇವತ್ತು ಬೆಳಿಗ್ಗೆ ಗೊತ್ತಾಯ್ತು. ಅಷ್ಟೊತ್ತಿಗೆ ಕೈ ಮೀರಿತ್ತು. ಕೆಲಸ ಹೋಗುತ್ತೆ ಅಂತ ಭಯ ಆಯ್ತು.”

ಅಧಿಕಾರಿ ಕಡತ ಮುಚ್ಚಿದರು. ಇವತ್ತಿನಿಂದ ಹೊಸದಾಗಿ ಹತ್ತು ದಿನ, ಆಕ್ಷೇಪಣೆ ಬರೆದು ಕೊಡಿ ಎಂದು ಜನಕ್ಕೆ ಹೇಳಿದರು. ಗುಮಾಸ್ತನಿಗೆ ನಾಳೆ ಬೆಳಿಗ್ಗೆಯೊಳಗೆ ಲಿಖಿತ ವಿವರಣೆ ಕೊಡಲು ಸೂಚಿಸಿದರು, ಧ್ವನಿಯಲ್ಲಿ ಕನಿಕರವಿರಲಿಲ್ಲ. ಬೆಳಿಗ್ಗೆ ಮಾವನನ್ನು ಬೈದ ಬಾಯಿಗಳೇ ಈಗ ಗುಮಾಸ್ತನನ್ನು ಬೈಯತೊಡಗಿದವು. ಅದನ್ನು ಕೇಳಿ ಟೀಚರಿಗೆ ಇನ್ನಷ್ಟು ರೇಗಿತು. ಚೀಲ ಎತ್ತಿಕೊಂಡು ಗೇಟಿನತ್ತ ಹೊರಟರು.

ತಮ್ಮ ಹಿಂದೆಯೇ ಬಂದ. “ಅಕ್ಕಾ, ಒಂದು ಮಾತು ಮನೇಲಿ ಕರೆದು ಕೇಳಬಹುದಿತ್ತಲ್ಲ. ಎಲ್ಲರ ಮುಂದೆ ಹೀಗೆ ಮಾಡಬೇಕಿತ್ತಾ?”

ಟೀಚರ್ ನಿಂತರು.

“ಬೆಳಿಗ್ಗೆ ಫೋಟೋ ನೋಡಿದಾಗಲೇ ನನಗೆ ಗೊತ್ತಾಯ್ತು. ಅಷ್ಟು ಹೊತ್ತು ಆ ಕೋಣೆಲಿ ಒಬ್ಬಳೇ ಯಾಕೆ ಕೂತಿದ್ದೆ ಅಂದ್ಕೊಂಡೆ? ಸಹಿ ಹಾಕೋಕೆ ನಾಲ್ಕು ಗಂಟೆ ತನಕ ಸಮಯ ಇತ್ತು. ನೀನೇ ಬಂದು ಹೇಳ್ತೀಯ ಅಂತ ಬಾಗಿಲು ತೆಗೆದಿಟ್ಟಿದ್ದೆ. ಕೆಲಸ ಹೋಗುತ್ತೆ ಅಂತ ನಿನಗೆ ಭಯ ಆಯ್ತು. ಆ ಮೆಟ್ಟಿಲ ಮೇಲೆ ಕೂತಿದ್ದವನಿಗೂ ಕೆಲಸ ಇತ್ತು. ಅವನ ಮುಂದೇನೇ ಮೂರು ಸಲ ಓಡಾಡಿದೆ ನೀನು. ನಾನು ಎಣಿಸಿದ್ದೀನಿ.”

ತಮ್ಮ ತಿರುಗಿ ಮೆಟ್ಟಿಲ ಕಡೆ ನೋಡಿದ.

“ಮೊದಲು ಅವನ ಹತ್ರ ಹೋಗು,” ಎಂದರು. “ಅವನು ಕ್ಷಮಿಸಿದ್ರೆ ಮನೆಗೆ ಬಾ. ಕ್ಷಮಿಸದೆ ಇದ್ರೆ ನಾನೂ ಬಾಗಿಲು ತೆಗೆಯಲ್ಲ.”

ಅವರು ಹಿಂದಿರುಗಿ ನೋಡದೆ ರಸ್ತೆಗಿಳಿದರು. ತಮ್ಮ ಮಾವ ಕೂತಿದ್ದ ಮೆಟ್ಟಿಲ ಕಡೆಗೆ ನಡೆದ.