ನಡುಗಡ್ಡೆಯ ಕಕ್ಕಡ

ಅಳಿಯ ಬಂದಾಗ ಶ್ರಾವಣ ಮುಗಿಯುತ್ತಾ ಬಂದಿತ್ತು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಬಿಸ್ಕತ್ತಿನ ಡಬ್ಬ, ಮುಖದ ತುಂಬ ನಗು. ತಡವಾಗಿ ಬಂದವನ ಮುಖ ಅದಲ್ಲವೇ ಅಲ್ಲ. ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಿದ ಸರ್ವಮಂಗಳಳಿಗೆ ಮೈಯೆಲ್ಲ ಉರಿಯಿತು.

ಉರಿಯದೆ ಇನ್ನೇನಾಗುತ್ತದೆ? ಹೊಸದಾಗಿ ಮದುವೆಯಾದ ಹುಡುಗಿ ಆಷಾಢಕ್ಕೆ ತವರಿಗೆ ಬರುತ್ತಾಳೆ. ಅಮಾವಾಸ್ಯೆ ಕಳೆದು ಶ್ರಾವಣ ಕಾಲಿಟ್ಟಿತೋ ಇಲ್ಲವೋ, ಗಂಡ ಓಡಿ ಬಂದು ಕರೆದುಕೊಂಡು ಹೋಗುತ್ತಾನೆ. ಶನಿವಾರಸಂತೆಯ ಕಡೆ ಯಾವ ಮನೆಯಲ್ಲಿ ಕೇಳಿದರೂ ಇದೇ ಪದ್ಧತಿ. ಆ ವರ್ಷ ಅವಳ ಜೊತೆ ಮದುವೆಯಾದ ಹುಡುಗಿಯರೆಲ್ಲ ಗಂಡಂದಿರ ಹಿಂದೆ ಹೊರಟುಹೋಗಿದ್ದರು. ಇವಳೊಬ್ಬಳು ತವರಿನ ಜಗಲಿಯಲ್ಲಿ ಕೂತು ಏಲಕ್ಕಿ ಆರಿಸುತ್ತಿದ್ದಳು. ಅಕ್ಕಪಕ್ಕದವರು ಮೊದಮೊದಲು ಕೇಳಿದರು. ಆಮೇಲೆ ಕೇಳುವುದನ್ನೇ ಬಿಟ್ಟರು. ಕೇಳದೆ ಇದ್ದದ್ದೇ ಹೆಚ್ಚು ಚುಚ್ಚಿತು.

"ಹೇಳಿ ಕಳಿಸೋಣವಾ?" ಎಂದು ತಾಯಿ ವಿಶಾಲಾಕ್ಷಮ್ಮ ಒಮ್ಮೆ ಬಾಯಿಬಿಟ್ಟಿದ್ದರು.

"ಹೆಣ್ಣು ಕೊಟ್ಟೋರು ಹೇಳಿ ಕಳಿಸೋದಾ? ಬರೋನು ತಾನಾಗಿ ಬರ್ಬೇಕು," ಎಂದು ತಂದೆ ಸಿದ್ದಬಸಪ್ಪನವರು ಗುಡುಗಿದ್ದರು. ಏಲಕ್ಕಿ ವ್ಯಾಪಾರದಲ್ಲಿ ಒಂದು ಹಿಡಿ ಹೆಚ್ಚು ಕೊಟ್ಟಾರು, ಮಾತಿನಲ್ಲಿ ಒಂದು ಮೆಟ್ಟಿಲೂ ಇಳಿಯುವ ಮನುಷ್ಯ ಅವರಲ್ಲ.

ಅಳಿಯನೆದುರು ಮಾತ್ರ ಅವರು ಏನೂ ತೋರಿಸಲಿಲ್ಲ. ಊಟ ಹಾಕಿಸಿದರು, ಎಲೆ ಅಡಿಕೆ ಕೊಟ್ಟರು. ಹೊರಡುವಾಗ ಮಗಳನ್ನು ಹಿತ್ತಿಲಿಗೆ ಕರೆದು ಕೇಳಿದರು: "ನಿಂಗೆ ಮನಸ್ಸಿದೆಯಾ ಮಗಾ?"

"ಎಂಟು ದಿನ ನೋಡ್ತೀನಿ ಅಪ್ಪಯ್ಯ."

"ಮುಂದಿನ ಸೋಮವಾರ ನಾನೇ ಬರ್ತೀನಿ. ನೀನು ನನ್ನ ಜೊತೆ ಹೊರಟೆಯೋ, ಅಲ್ಲಿಗೆ ಮುಗೀತು. ಮತ್ತೆ ಕಳಿಸೋ ಮಾತಿಲ್ಲ."

ಸರ್ವಮಂಗಳ ತಲೆಯಾಡಿಸಿದಳು. ಗಂಡನಿಗೆ ಈ ವಿಷಯ ಹೇಳಲಿಲ್ಲ. ಯಾಕೆ ತಡವಾಯಿತು ಎಂದು ಕೇಳಲೂ ಇಲ್ಲ. ತಪ್ಪು ಮಾಡಿದವನು ತಾನಾಗಿ ಹೇಳಲಿ ಎಂದು ಅವಳ ಹಟ. ಅಪ್ಪನ ಮಗಳು, ಏನು ಮಾಡುವುದು.

ಕಲ್ಲೇಶಪ್ಪ ಪಾಲಿಬೆಟ್ಟದ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಚಿಕ್ಕಂದಿನಲ್ಲೇ ತಂದೆತಾಯಿ ಹೋಗಿ, ಅಲ್ಲೇ ರೈಟರಾಗಿದ್ದ ಸೋದರಮಾವನ ಕೈಯಲ್ಲಿ ಬೆಳೆದವನು. ಮಾವ ತೀರಿಕೊಂಡ ಮೇಲೆ ಅದೇ ಕೆಲಸ, ಅದೇ ಕ್ವಾರ್ಟರ್ಸು ಇವನಿಗೆ ಬಂತು. ಈಗ ಆ ಕ್ವಾರ್ಟರ್ಸಿನ ಮೇಲೆ ಬಳಂಜಿ ಮರ ಬಿದ್ದು ಅರ್ಧ ಹೆಂಚು ಪುಡಿಯಾಗಿತ್ತು. ಎಸ್ಟೇಟಿನ ದೊರೆ ಮಳೆಗಾಲಕ್ಕೆಂದು ಊಟಿಗೆ ಹೋಗುವಾಗ, "ಹೆಂಚು ಹೊದಿಸುವ ತನಕ ನನ್ನ ಮೀನಿನ ಬಂಗಲೆಯಲ್ಲಿ ಇರು," ಎಂದು ಬೀಗದ ಕೈ ಕೊಟ್ಟಿದ್ದ. ಸರ್ವಮಂಗಳ ತವರಿನಲ್ಲಿದ್ದಾಗಿನಿಂದಲೂ ಅವನ ವಾಸ ಅಲ್ಲೇ.

ದೊರೆ ಗಾಳ ಹಾಕಲೆಂದು ಕಟ್ಟಿಸಿದ ಆ ಬಂಗಲೆ ಇದ್ದದ್ದು ದುಬಾರೆಯಿಂದ ಸ್ವಲ್ಪ ಕೆಳಗೆ, ಕಾವೇರಿಯ ನಡುಗಡ್ಡೆಯಲ್ಲಿ. ಎರಡು ಕೋಣೆ, ಒಂದು ವರಾಂಡ, ಸುತ್ತ ಬಿದಿರು, ಅದರಾಚೆ ಕೆಂಪು ನೀರು. ಅಂಬಿಗ ಕೆಂಚನ ಹರಿಗೋಲು ಬಂದರೆ ಪ್ರಪಂಚ, ಬಾರದಿದ್ದರೆ ಇವರಿಬ್ಬರೇ. ಜೊತೆಗೆ ಬಂಗಲೆ ನೋಡಿಕೊಳ್ಳುವ ಬೆಳ್ಯಪ್ಪ, ಫಾರೆಸ್ಟ್ ಗಾರ್ಡ್ ಕೆಲಸದಿಂದ ಇಳಿದ ಮುದುಕ, ಕೊಡವ. ಅವನಿಗೆ ಒಂದೇ ಕೊರಗು.

"ಮೀನಿನ ಬಂಗಲೆಗೆ ಬಂದು ಕಳಲೆ ಪಲ್ಯ ತಿನ್ನೋರನ್ನ ನಾನು ಇದೇ ಮೊದಲು ನೋಡೋದು ರೈಟ್ರೇ!"

"ದೊರೆ ಹಿಡೀತಾನೆ, ನಾವು ಸಾಕ್ತೀವಿ ಬೆಳ್ಯಪ್ಪಣ್ಣ," ಎನ್ನುತ್ತಾ ಕಲ್ಲೇಶಪ್ಪ ಮಿಕ್ಕ ಅನ್ನವನ್ನು ಉಂಡೆಮಾಡಿ ಹೊಳೆಗೆ ಎಸೆಯುತ್ತಿದ್ದ. ಹಣೆಯ ವಿಭೂತಿ ಮಳೆಗೆ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು. ಅದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಒರೆಸಿಕೊಳ್ಳಿ ಎಂದು ಹೇಳಬೇಕು ಅನ್ನಿಸಿ ಸರ್ವಮಂಗಳ ಸುಮ್ಮನಾಗುತ್ತಿದ್ದಳು.

ಮಳೆ ಬಿಡಲಿಲ್ಲ. ಬಿಡುವ ಯೋಚನೆಯೂ ಅದಕ್ಕೆ ಇದ್ದಂತೆ ಕಾಣಲಿಲ್ಲ. ವರಾಂಡದಲ್ಲಿ ಇಬ್ಬರೂ ಕೂತು ಹೊಳೆ ನೋಡುವುದು, ಆಚೆ ದಡದಲ್ಲಿ ಸರ್ಕಾರಿ ಆನೆಗಳು ಸೊಪ್ಪು ಹೊತ್ತು ಹೋಗುವುದನ್ನು ನೋಡುವುದು, ಇಷ್ಟೇ ಕೆಲಸ.

"ಚಳಿ ಆಗುತ್ತಾ?"

"ಇಲ್ಲ."

"ಕಾಫಿ ಕುಡೀತೀಯಾ?"

"ಈಗ ತಾನೆ ಕುಡಿದೆ."

"ಇನ್ನೊಂದು ಲೋಟ?"

"ನನ್ನ ಹೊಟ್ಟೆ ಏನು ಹಂಡೆನಾ?"

ಅವನು ಬಿದ್ದು ಬಿದ್ದು ನಕ್ಕ. ಅವಳು ನಗಿಸಲೆಂದು ಹೇಳಿದ್ದಲ್ಲ. ಸಿಟ್ಟಿನಲ್ಲಿ ಹೇಳಿದ್ದು ಹೀಗೆ ವ್ಯರ್ಥವಾಯಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. ಆ ನಗು ಮಾತ್ರ ಚೆನ್ನಾಗಿತ್ತು. ಅದನ್ನು ಅವಳು ಒಪ್ಪಿಕೊಳ್ಳಲಿಲ್ಲ.

ತಂದ ಟ್ರಂಕನ್ನು ಅವಳು ಖಾಲಿ ಮಾಡಿರಲಿಲ್ಲ. ಬೇಕಾದ ಸೀರೆ ತೆಗೆಯುವುದು, ಬೀಗ ಹಾಕುವುದು. ಕಲ್ಲೇಶಪ್ಪ ಅದನ್ನು ನೋಡಿದ. ನೆಲ ಥಂಡಿ ಹಿಡಿದಿದೆ ಎಂದು ಎಲ್ಲಿಂದಲೋ ನಾಲ್ಕು ಇಟ್ಟಿಗೆ ಹುಡುಕಿ ತಂದು ಟ್ರಂಕನ್ನು ಅದರ ಮೇಲೆ ಎತ್ತಿಟ್ಟ. ಇಷ್ಟೆಲ್ಲ ತಿಳಿಯುವವನಿಗೆ ಶ್ರಾವಣ ಬಂದದ್ದು ಮಾತ್ರ ತಿಳಿಯಲಿಲ್ಲವೇ ಎಂದು ಅವಳು ಹಲ್ಲು ಕಚ್ಚಿದಳು.

ಆ ವರ್ಷ ವಿರಾಜಪೇಟೆಯಲ್ಲಿ ಒಂದು ತಮಾಷೆ ಕಂಪನಿ ಸಿಕ್ಕಿಹಾಕಿಕೊಂಡಿತ್ತು. ಮೈಸೂರಿನಿಂದ ಕಣ್ಣೂರಿಗೆ ಹೊರಟವರು. ಘಾಟಿಯಲ್ಲಿ ಗುಡ್ಡ ಜರಿದು ದಾರಿ ಮುಚ್ಚಿತ್ತು. ಹೊಟ್ಟೆಪಾಡು ನಡೆಯಬೇಕಲ್ಲ, ಸಂತೆ ಮೈದಾನದಲ್ಲೇ ಡೇರೆ ಹೊಡೆದು, ಮಳೆ ಹೊಳವಾದಾಗಲೆಲ್ಲ ಆಟ ನಡೆಸುತ್ತಿದ್ದರು. ಮರದ ಕುದುರೆ, ರಾಟೆ ತೊಟ್ಟಿಲು, ಕನ್ನಡಿ ಡೇರೆ.

"ಹೋಗಿ ಬರೋಣ್ವಾ?" ಎಂದು ಕಲ್ಲೇಶಪ್ಪ ಕೇಳಿದಾಗ, ಬೇಡ ಎನ್ನಲು ಬಾಯಿ ತೆರೆದವಳು "ಹೂಂ" ಅಂದುಬಿಟ್ಟಳು. ಎಷ್ಟಂತ ಆನೆ ನೋಡುವುದು?

ಮೊದಲ ಸಲ ಹೋದಾಗ ರಾಟೆ ತಿರುಗುತ್ತಿರಲಿಲ್ಲ. ಕನ್ನಡಿ ಡೇರೆ ಮಾತ್ರ ತೆರೆದಿತ್ತು. ಒಂದು ಕನ್ನಡಿಯಲ್ಲಿ ಅವಳು ಒನಕೆಯಷ್ಟು ಉದ್ದ, ಇನ್ನೊಂದರಲ್ಲಿ ಕಡಾಯಿಯಷ್ಟು ಅಗಲ. ಬಂದ ನಗು ತಡೆಯಲಾಗಲಿಲ್ಲ. ನಗುತ್ತಲೇ ಮೂರನೆಯದಕ್ಕೆ ತಿರುಗಿದಳು. ಅದರಲ್ಲಿ ಕಲ್ಲೇಶಪ್ಪ ಕಂಡ. ಅವನು ಕನ್ನಡಿ ನೋಡುತ್ತಿರಲಿಲ್ಲ. ಇವಳನ್ನೇ ನೋಡುತ್ತಿದ್ದ. ಕತ್ತು ಸೊಟ್ಟ, ಕಿವಿ ಮೊರದಷ್ಟು, ಆದರೂ ಆ ಕಣ್ಣಲ್ಲಿದ್ದದ್ದು ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ತಿರುಗಿದ ಕೂಡಲೇ ಅವನು ಡೇರೆಯ ಕಂಬ ಪರೀಕ್ಷೆ ಮಾಡತೊಡಗಿದ.

ಇಷ್ಟು ಆಸೆ ಇಟ್ಟುಕೊಂಡವನು ಯಾಕೆ ಬರಲಿಲ್ಲ? ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಅದೇ ತಲೆಯಲ್ಲಿ.

ಭಾನುವಾರ ಎರಡನೇ ಸಲ ಹೋದರು. ಮರುದಿನವೇ ಅಪ್ಪ ಬರುವುದು. ಆವತ್ತು ಮಳೆ ನಿಂತು, ಮೋಡದ ನಡುವೆ ಒಂದಿಷ್ಟು ಬಿಸಿಲೂ ಇಣುಕಿತ್ತು. ರಾಟೆ ತೊಟ್ಟಿಲು ಕೈಯಲ್ಲಿ ತಿರುಗಿಸುವಂಥದ್ದು, ಇಬ್ಬರು ಕೆಳಗೆ ನಿಂತು ನೂಕಬೇಕು. ಕಲ್ಲೇಶಪ್ಪ ಕೊಡೆ ಬಿಡದೆ ಹತ್ತಿ ಕೂತ.

"ತೊಟ್ಟಿಲಿಗೂ ಕೊಡೆ ಬೇಕೇನ್ರೀ?"

"ಕೊಡಗಿನ ಬಿಸಿಲನ್ನ ನಂಬ್ತೀಯಾ ನೀನು?"

ನಂಬಬಾರದಿತ್ತು ಎಂಬುದು ಮೂರನೇ ಸುತ್ತಿಗೇ ಗೊತ್ತಾಯಿತು. ದಬದಬ ಎಂದು ಸುರಿಯಿತು ನೋಡಿ! ನೂಕುತ್ತಿದ್ದವರು ರಾಟೆಗೆ ಗೂಟ ಕೊಟ್ಟು, "ಒಂಚೂರು ತಡೀರಿ ಸಾಮೀ," ಎಂದು ಕೂಗಿ ಡೇರೆಯೊಳಗೆ ಓಡಿದರು. ಇವರ ತೊಟ್ಟಿಲು ತುದಿಯಲ್ಲಿ ನಿಂತಿತು. ಕೆಳಗೆ ವಿರಾಜಪೇಟೆಯ ಹೆಂಚುಗಳು, ಮೇಲೆ ಒಂದು ಕೊಡೆ. ಕೊಡೆ ಒಬ್ಬರಿಗಾಗುವಷ್ಟೇ ಇತ್ತು. ಅವನು ಅದನ್ನು ಪೂರ್ತಿ ಅವಳ ಕಡೆ ಹಿಡಿದು ತಾನು ನೆನೆಯುತ್ತಾ ಕೂತ. ಅವನ ಮೂಗಿನ ಮೇಲೆ ಮತ್ತೆ ವಿಭೂತಿ ಇಳಿಯಿತು.

ಇನ್ನು ತಡೆಯಲು ಅವಳಿಂದ ಆಗಲಿಲ್ಲ. ಸೆರಗಿನ ತುದಿಯಿಂದ ಅದನ್ನು ಒರೆಸಿ, ಒರೆಸಿದ ಕೈಯನ್ನು ಹಿಂದೆ ತೆಗೆಯುವ ಮೊದಲೇ ಕೇಳಿಬಿಟ್ಟಳು.

"ಆಷಾಢ ಮುಗಿದ ಮೇಲೆ ಯಾಕ್ರೀ ಬರಲಿಲ್ಲ?"

ಅವನು ಕಣ್ಣು ಕಣ್ಣು ಬಿಟ್ಟ. "ಮುಗಿದ ಮಾರನೇ ದಿನವೇ ಬಂದೆನಲ್ಲ!"

"ಏನು ಮಾರನೇ ದಿನ? ಶ್ರಾವಣವೇ ಮುಗೀತಾ ಬಂದಿತ್ತು!"

"ಇಲ್ಲ ಮಂಗಳಾ. ದಿನಾ ಬೆಳಿಗ್ಗೆ ಎದ್ದು ಬೆಳ್ಯಪ್ಪಣ್ಣನ್ನ ಕೇಳ್ತಿದ್ದೆ, ಮುಗೀತಾ ಅಂತ. ಇನ್ನೂ ಇಲ್ಲ ರೈಟ್ರೇ, ಇನ್ನೂ ಇಲ್ಲ ರೈಟ್ರೇ ಅಂತಿದ್ದ. ಹದಿನೆಂಟನೇ ದಿನ ಮದ್ದುಸೊಪ್ಪಿನ ಪಾಯಸ ಮಾಡಿ ಕೊಟ್ಟ. ನಿಂಗೂ ಅಂತ ಒಂದು ಬಟ್ಟಲು ತೆಗೆದಿಟ್ಟೆ, ಹುಳಿ ಬಂದುಹೋಯ್ತು. ಕೊನೆಗೆ ಸಂಕ್ರಮಣದ ದಿನ, ಮುಗೀತು ಹೋಗಿ ಅಂದ. ಬೆಳಿಗ್ಗೆ ಮೊದಲನೇ ಬಸ್ಸಿಗೇ ಹತ್ತಿದೆ."

ಸರ್ವಮಂಗಳ ಒಮ್ಮೆಗೇ ನೆಟ್ಟಗೆ ಕೂತಳು. ಮದ್ದುಸೊಪ್ಪಿನ ಪಾಯಸ, ಕೊಡವರ ಮಳೆಗಾಲದ ತಿನಿಸು. ಸಂಕ್ರಮಣ.

"ಅಯ್ಯೋ ನನ್ನ ಶಿವನೇ! ಅದು ಕಕ್ಕಡ ಕಣ್ರೀ! ಕೊಡವರ ಮಳೆ ತಿಂಗಳು! ಅವರು ಸಂಕ್ರಮಣಕ್ಕೆ ಲೆಕ್ಕ ಹಾಕ್ತಾರೆ, ನಾವು ಅಮಾಸೆಗೆ!"

"ಎರಡೂ ಒಂದೇ ಅಲ್ವಾ?"

ಅವನ ಮುಖ ನೋಡಿ ಅವಳಿಗೆ ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು. ಪಂಚಾಂಗ ಕಾಣದ ಎಸ್ಟೇಟಿನಲ್ಲಿ, ಕಾಫಿ ಗಿಡಗಳ ಮಧ್ಯೆ ಬೆಳೆದವನು. ಮಳೆ ಹಿಡಿದ ತಿಂಗಳು ಎಲ್ಲರಿಗೂ ಒಂದೇ ಎಂದುಕೊಂಡಿದ್ದ. ಇಲ್ಲಿ ಇವನು ದಿನಾ ಕೇಳುತ್ತಿದ್ದ, ಅಲ್ಲಿ ಇವಳು ದಿನಾ ಬಾಗಿಲು ನೋಡುತ್ತಿದ್ದಳು. ಯಾರ ಮೇಲೆ ಸಿಟ್ಟು ಮಾಡುವುದು? ಬೆಳ್ಯಪ್ಪನ ಮೇಲೆಯೇ?

"ನಾಳೆ ಅಪ್ಪಯ್ಯ ಬರ್ತಾರೆ," ಎಂದಳು ಕಣ್ಣೊರೆಸಿಕೊಂಡು. "ನನ್ನನ್ನ ಕರ್ಕೊಂಡು ಹೋಗೋಕೆ. ಹೋದ್ರೆ ಮತ್ತೆ ಕಳಿಸಲ್ಲ."

ಅವನ ಕೈಯಲ್ಲಿದ್ದ ಕೊಡೆ ವಾಲಿತು. ಇಬ್ಬರೂ ನೆನೆದರು.

"ತಪ್ಪು ನಂದೇ," ಎಂದ. "ಆದ್ರೆ ಮಾವನೋರ ಮುಂದೆ ಏನಂತ ಹೇಳ್ಲಿ? ತಿಂಗಳು ಯಾವುದು ಅಂತ ಗೊತ್ತಿಲ್ಲದ ಅಳಿಯ ಅಂತ ಊರೆಲ್ಲ ಆಡ್ಕೊಂಡು ನಗುತ್ತೆ. ನಕ್ಕರೆ ನಗಲಿ, ನಾನು ಹೇಳ್ತೀನಿ. ಆದ್ರೆ ನಂಬ್ತಾರಾ ಅವ್ರು? ಇದೆಂಥ ಕುಂಟುನೆಪ ಅಂತಾರೆ. ನಿಂಗೆ ಹೋಗ್ಬೇಕು ಅನ್ನಿಸಿದ್ರೆ ಹೋಗು ಮಂಗಳಾ. ನಾನು ಅಡ್ಡ ಬರಲ್ಲ. ನಂಗೆ ಮಾತ್ರ ನೀನು ಬೇಕು. ಅದನ್ನ ಮೊದಲ ದಿನವೇ ಹೇಳ್ಬೇಕಿತ್ತು."

ಅವಳು ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಕೆಳಗಿನವರು ಗೂಟ ತೆಗೆದರು, ತೊಟ್ಟಿಲು ಧಡಕ್ಕನೆ ಇಳಿಯಿತು. ಕೆಳಗೆ ಜನವೋ ಜನ. ಆಡಬೇಕೆಂದಿದ್ದ ಮಾತು ಆಡದೆಯೇ ಅವಳು ಬಸ್ಸು ಹತ್ತಿದಳು.

ಸೋಮವಾರ ಬೆಳಿಗ್ಗೆ ಕೆಂಚನ ಹರಿಗೋಲು ಆಚೆ ದಡದಿಂದ ಹೊರಟಾಗ ಅದರಲ್ಲಿ ಸಿದ್ದಬಸಪ್ಪನವರ ರುಮಾಲು ಕಾಣಿಸಿತು. ಸರ್ವಮಂಗಳ ಒಳಗೆ ಹೋಗಿ ನೋಡಿದರೆ ಇಟ್ಟಿಗೆ ಮೇಲೆ ಟ್ರಂಕಿಲ್ಲ. ಕಲ್ಲೇಶಪ್ಪ ಅದನ್ನು ಹೊತ್ತು ಆಗಲೇ ಕಡವಿಗೆ ಹೋಗಿದ್ದ. ಟ್ರಂಕಿನ ಮೇಲೆ ಕೊಡೆ ಬಿಚ್ಚಿಟ್ಟು, ತಾನು ಮಳೆಯಲ್ಲಿ ನಿಂತಿದ್ದ. ಅದನ್ನು ಕಂಡು ಅವಳೂ ಕಡವಿಗೆ ಓಡಿದಳು. ಎಂಥ ಮನುಷ್ಯ ಇವನು, ಕಳಿಸುವಾಗಲೂ ಸೀರೆ ನೆನೆಯಬಾರದು ಇವನಿಗೆ!

ಸಿದ್ದಬಸಪ್ಪನವರು ಹರಿಗೋಲಿನಿಂದ ಇಳಿಯಲೇ ಇಲ್ಲ. ಅಳಿಯನತ್ತ ನೋಡಲೂ ಇಲ್ಲ.

"ಹತ್ತು ಮಗಾ."

ಕಲ್ಲೇಶಪ್ಪ ಒಂದು ಹೆಜ್ಜೆ ಮುಂದೆ ಬಂದ. "ಮಾವನೋರೇ, ನಾನು ತಡವಾಗಿ ಬಂದದ್ದು..."

"ನಾನೇ ಹೇಳಿದ್ದು ಅಪ್ಪಯ್ಯ," ಎಂದು ಸರ್ವಮಂಗಳ ನಡುವೆ ಬಾಯಿ ಹಾಕಿದಳು. "ಆಷಾಢ ಮುಗಿದ ಕೂಡ್ಲೇ ಬರ್ಬೇಡಿ, ಕಕ್ಕಡ ಕಳೆದ ಮೇಲೆ ಬನ್ನಿ ಅಂತ, ನಾನೇ ಇವರಿಗೆ ಹೇಳಿ ಬಂದಿದ್ದೆ."

ಬಿದಿರಿನ ಹಿಂದೆ ಬೆಳ್ಯಪ್ಪನ ಕೆಮ್ಮು ಕೇಳಿಸಿತು.

"ನೀನಾ?" ಎಂದರು ಸಿದ್ದಬಸಪ್ಪನವರು. "ಊರಿನೋರ ಬಾಯಿಗೆಲ್ಲ ಸಿಕ್ಕಿದೆವಲ್ಲೇ! ಯಾಕೆ?"

"ಇನ್ನೊಂದಿಷ್ಟು ದಿನ ನಿಮ್ಮ ಹತ್ರ ಇರೋಣ ಅನ್ನಿಸ್ತು. ಹೇಳಿದ್ರೆ ನೀವು ಬೈತಿದ್ರಿ."

ಸಿದ್ದಬಸಪ್ಪನವರ ಮುಖ ಬಿಗಿಯಾಗಿಯೇ ಇತ್ತು, ಆದರೆ ರುಮಾಲು ಸರಿಮಾಡಿಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಂಡರು. "ಹಂಗಾದ್ರೆ ಈಗಲೂ ಬಾ. ಗೌರಿ ಹಬ್ಬ ಮುಗಿಸ್ಕೊಂಡು ಬರುವೆಯಂತೆ."

"ಈಗ ಬರೋ ಹಾಗಿಲ್ಲ ಅಪ್ಪಯ್ಯ. ಇಲ್ಲಿನ ಕಕ್ಕಡದಲ್ಲಿ ಹೆಂಡ್ತಿ ತವರಿಗೆ ಹೋಗ್ಬಾರದು."

"ಯಾವ ಕಕ್ಕಡ? ಸಂಕ್ರಮಣಕ್ಕೇ ಮುಗೀತಲ್ಲ!"

"ಅದು ನಿಮಗೆಲ್ಲ. ಈ ನಡುಗಡ್ಡೆಯಲ್ಲಿ ಇನ್ನೂ ಮುಗಿದಿಲ್ಲ."

ಸಿದ್ದಬಸಪ್ಪನವರು ಮಗಳನ್ನು ನೋಡಿದರು. ಆಮೇಲೆ, ಬಂದಾಗಿನಿಂದ ಮೊದಲ ಸಲ, ಅಳಿಯನನ್ನು ನೋಡಿದರು. ತಲೆಯಿಂದ ಕಾಲಿನ ತನಕ ತೊಯ್ದು ತೊಪ್ಪೆಯಾದವನು, ನೆನೆಯದ ಟ್ರಂಕಿನ ಪಕ್ಕದಲ್ಲಿ.

"ಕೊಡೆ ಇರೋದು ಮನುಷ್ಯರಿಗೆ ಅಳಿಯಂದ್ರೇ," ಎಂದರು. "ಕಾಫಿ ಇದೆಯೋ, ಇಲ್ಲ ಅದಕ್ಕೂ ಸಂಕ್ರಮಣ ಬರ್ಬೇಕೋ?"

ಕಾಫಿ ಕುಡಿದು, ಕಳಲೆ ಪಲ್ಯ ಹೊಗಳಿ, ಮಧ್ಯಾಹ್ನದ ಹರಿಗೋಲಿಗೆ ಅವರು ಹೊರಟರು. ಕಲ್ಲೇಶಪ್ಪ ಟ್ರಂಕನ್ನು ಮತ್ತೆ ಹೊತ್ತು ತಂದ. ಸರ್ವಮಂಗಳ ಬೀಗ ತೆಗೆದು ಸೀರೆಗಳನ್ನೆಲ್ಲ ಒಂದೊಂದಾಗಿ ಕಪಾಟಿನಲ್ಲಿ ಜೋಡಿಸಿದಳು. ಅವನು ಬಾಗಿಲಲ್ಲೇ ನಿಂತಿದ್ದ.

"ಮಂಗಳಾ, ನಮ್ಮ ಕಕ್ಕಡ ಯಾವಾಗ ಮುಗಿಯುತ್ತೆ?"

"ಬೆಳ್ಯಪ್ಪಣ್ಣನ್ನ ಮಾತ್ರ ಕೇಳ್ಬೇಡಿ. ದಿನಾ ಬೆಳಿಗ್ಗೆ ನನ್ನ ಕೇಳಿ."

ಮಾರನೆಯ ಬೆಳಿಗ್ಗೆ ಎದ್ದ ಕೂಡಲೇ ಕೇಳಿದ. ಹೊರಗೆ ಮಳೆ ಹಿಡಿದಿತ್ತು.

"ಇನ್ನೂ ಇಲ್ಲ ರೈಟ್ರೇ," ಎಂದಳು.