ತಿರುಗಿ ಹೇಳಬಾರದ ಮಾತು

"ಅವಳ ಕತೆ ಬೇಕಾದ್ರೆ ಕೇಳಿ ಡಾಕ್ಟ್ರೇ. ಕೇಳಿದ್ದನ್ನ ಮಾತ್ರ ಅವಳಿಗೇ ತಿರುಗಿ ಒಪ್ಪಿಸ್ಬೇಡಿ," ಎಂದು ವಾರ್ಡಿನ ಹಿರಿಯ ನರ್ಸು ತಗ್ಗಿದ ದನಿಯಲ್ಲಿ ಹೇಳಿದಾಗ ಆ ವಾರ್ಡಿಗೆ ಹೊಸಬನಾದ ಡಾಕ್ಟರಿಗೆ ನಗು ತಡೆಯಲಾಗಲಿಲ್ಲ.

"ಒಪ್ಪಿಸಿದ್ರೆ ಏನಾಗುತ್ತೆ ಸಿಸ್ಟರ್? ರಕ್ತ ಕಾರ್ಕೊಂಡು ಸಾಯ್ತೀನಾ?"

"ಸಾಯೋದೇ ವಾಸಿ. ಹೋದ ತಿಂಗಳು ಒಬ್ರು ಅರ್ಧ ಒಪ್ಪಿಸಿ ಎದ್ದು ಓಡಿದ್ರು. ಇವತ್ತಿಗೂ ಹೆಂಡ್ತಿ ಮುಖ ನೋಡಿ, ನೀವು ಯಾರು ಅಂತ ಕೇಳ್ತಾರಂತೆ."

"ನನಗಿನ್ನೂ ಮದ್ವೇನೇ ಆಗಿಲ್ಲ ಬಿಡಿ," ಎಂದು ಅವನು ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಡೆದ. ಮನೋರೋಗದ ಆಸ್ಪತ್ರೆಯಲ್ಲಿ ಮಾಟದ ಮಾತು! ಹಲ್ಲಿನ ಡಾಕ್ಟರ ಬಾಯಲ್ಲೇ ಹುಳುಕು ಹಲ್ಲು ಇದ್ದಂತಾಯಿತು ಎಂದುಕೊಂಡ.

ರೋಗಿಯ ಹುಟ್ಟಿನಿಂದ ಇವತ್ತಿನವರೆಗಿನ ಬದುಕನ್ನು ಕೇಳಿ ಬರೆದುಕೊಳ್ಳುವುದು, ಕೊನೆಗೆ ಅದನ್ನು ರೋಗಿಗೇ ಹೇಳಿ 'ಸರಿಯಾಗಿ ಕೇಳಿಸಿಕೊಂಡೆನಾ?' ಎಂದು ವಿಚಾರಿಸುವುದು ಅವನ ಕೆಲಸದ ಕ್ರಮ. ಕಲಿಸಿದವರು ದೊಡ್ಡ ಡಾಕ್ಟರು. ಅಪ್ಪನಿಲ್ಲದ ಹುಡುಗನನ್ನು ಮೂರು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಮಗನಂತೆ ತಿದ್ದಿದವರು. 'ನಿನ್ನಷ್ಟು ಪೂರ್ತಿಯಾಗಿ ಕೇಳಿಸಿಕೊಳ್ಳೋನನ್ನ ನಾನು ನೋಡಿಲ್ಲ' ಎಂದು ಅವರು ಬೆನ್ನು ತಟ್ಟಿದರೆ ಇವನ ಕಾಲು ವಾರವಿಡೀ ನೆಲಕ್ಕೆ ತಾಗುತ್ತಿರಲಿಲ್ಲ. ಹನ್ನೊಂದು ವರ್ಷ ಬಾಯಿ ಬಿಡದ ರೋಗಿ ಹೋದ ತಿಂಗಳಿಂದ ಮಾತಾಡುತ್ತಿದ್ದಾಳೆ, ಈ ಚರಿತ್ರೆ ನೀನೇ ಮುಗಿಸು ಎಂದವರೂ ಅವರೇ.

ಫೈಲಿನಲ್ಲಿ ಒಂದು ಸಾಲು ಖಾಲಿ ಇತ್ತು: ಮಾಹಿತಿ ಕೊಟ್ಟ ಮನೆಯವರು ಯಾರು? ಮನೆಯವರನ್ನು ಕೇಳದೆ ಯಾವ ಚರಿತ್ರೆಯನ್ನೂ ಮುಗಿಸಬಾರದು ಎಂಬುದು ದೊಡ್ಡ ಡಾಕ್ಟರ ಮೊದಲ ಪಾಠ. ಅವರೇ ಬೆಳಿಗ್ಗೆ, "ಅವಳಿಗೆ ಯಾರೂ ಇಲ್ಲಪ್ಪ. ಅದನ್ನ ಬಿಟ್ಟು ಬರಿ," ಎಂದಿದ್ದರು. ಗುರುಗಳು ಹೇಳಿದ ಮೇಲೆ ಮುಗಿಯಿತು. ಬಿಟ್ಟ.

ಕಿಟಕಿಯಿಲ್ಲದ ಕೋಣೆ. ಮಧ್ಯಾಹ್ನ ಎರಡೂವರೆಯಾದರೂ ಮೂಲೆಗಳಲ್ಲಿ ಕತ್ತಲೆ. ತಲೆಯ ಮೇಲೊಂದು ಟ್ಯೂಬ್‌ಲೈಟು ಗುಂಯ್‌ಗುಡುತ್ತಿತ್ತು. ಫಿನಾಯಿಲಿನ ಘಾಟಿನ ಕೆಳಗೆ ಇನ್ನೊಂದು ವಾಸನೆ: ಹುಳಿತ ಹಾಲು, ಸುಟ್ಟ ಕೂದಲು. ಆ ಹೆಂಗಸು ಎರಡೂ ತೋಳುಗಳನ್ನು ಎದೆಗೆ ಬಳಸಿ, ಏನನ್ನೋ ಎತ್ತಿಕೊಂಡಂತೆ ಕೂತಿದ್ದಳು.

ಇವತ್ತು ಯಾವ ವಾರ? ಹೇಳಿದಳು. ಇದು ಯಾವ ಜಾಗ? ಹೇಳಿದಳು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದರೆ ಒಂದು ಕಡೆಯೂ ತಡವರಿಸದೆ ಎರಡಕ್ಕೆ ಬಂದು ನಿಂತಳು.

"ಹತ್ತಿರ ಯಾರೂ ಇಲ್ದಾಗ ಕಿವಿಗೆ ಮಾತು ಕೇಳಿಸುತ್ತಾ?"

"ಮಾತಲ್ಲ. ಭಾರ. ಕೈ ಮೇಲೆ."

"ಯಾವುದರ ಭಾರ?"

"ಕೂಸಿಂದು."

ಅವಳು ಹೇಳುತ್ತಾ ಹೋದಳು, ಅವನು ಬರೆಯುತ್ತಾ ಹೋದ. ಅಣ್ಣನ ಮನೆ. ಅತ್ತಿಗೆಗೆ ಹತ್ತು ವರ್ಷದ ಮೇಲೆ ಹುಟ್ಟಿದ ಕೂಸು. ಒಂದು ಮಧ್ಯಾಹ್ನ ಮೂರರ ಹೊತ್ತಿಗೆ ಅದನ್ನು ಎತ್ತಿಕೊಂಡು ಕೂತಲ್ಲೇ ಇವಳು ತೂಕಡಿಸಿದ್ದಳು. ಎಚ್ಚರವಾದಾಗ ಕೂಸು ತಣ್ಣಗಾಗಿತ್ತು. ಅತ್ತಿಗೆ ಅಳಲಿಲ್ಲ. ಮೂರನೇ ದಿನ ಮಾಟಗಾರನನ್ನು ಕರೆಸಿ, ಇವಳ ಕೂದಲು ಸುಟ್ಟ ಬೂದಿಯನ್ನು ಕೂಸಿನ ಹಾಲಿನಲ್ಲಿ ಕಲಸಿ ಇವಳ ನಾಲಿಗೆಗೆ ಹಚ್ಚಿಸಿದಳು. ಅಂದಿನಿಂದ ದಿನವೂ ಮೂರು ಗಂಟೆಗೆ ಕೂಸು ಇವಳ ತೋಳಲ್ಲಿ ಸಾಯುತ್ತದೆ. ಸಾಯುವಾಗೆಲ್ಲ ಇವಳದೊಂದು ನೆನಪನ್ನು ಜೊತೆಗೆ ಕೊಂಡೊಯ್ಯುತ್ತದೆ.

"ಪೂರ್ತಿ ಕೇಳಿ ತಿರುಗಿ ಹೇಳಿದೋರಿಗೆ ಇದು ಹೋಗುತ್ತೆ," ಎಂದಳು. "ನನ್ನೋರು ನೆನಪಿರೋ ತನಕ ಬಾಯಿ ಬಿಡ್ಲಿಲ್ಲ, ಬೇರೆಯೋರಿಗ್ಯಾಕೆ ಈ ಕರ್ಮ ಅಂತ. ಈಗ ಈ ಕತೆ ಬಿಟ್ರೆ ಯಾರೂ ನೆನಪಿಲ್ಲ. ಎದುರಿಗೆ ಬಂದೋರಿಗೆ ಹೇಳ್ಬಿಡೋಣ ಅನ್ಸುತ್ತೆ."

'ಗಟ್ಟಿಯಾದ ಭ್ರಮೆ' ಎಂದು ಬರೆದು ಅವನು ಅಡಿಗೆರೆ ಎಳೆದ.

"ನಿಮಗೆ ತಾಯಿ ಇದ್ದಾರಾ?" ಎಂದು ಅವಳು ಕೇಳಿದಳು.

"ಇದ್ದಾರೆ."

"ಹಾಗಾದ್ರೆ ಎದ್ದು ಹೋಗಿ."

ಹೋಗಲಿಲ್ಲ. ಅರ್ಧಕ್ಕೆ ಏಳುವವನಲ್ಲ ಎಂಬ ಹೆಮ್ಮೆ ಅವನದು. ಬರೆದದ್ದನ್ನು ಓದತೊಡಗಿದ. ಅಣ್ಣನ ಮನೆ. ಅತ್ತಿಗೆ. ಕೂಸು. ಟ್ಯೂಬ್‌ಲೈಟಿನ ಸದ್ದು ನಿಂತಿತು. ಬೆಳಕು ಮಂಕಾಯಿತು. ಹುಳಿ ವಾಸನೆ ಗಂಟಲಿಗೆ ಇಳಿಯಿತು. ಸಾಕು ಎಂದುಕೊಂಡ. ನಾಲಿಗೆ ನಿಲ್ಲಲಿಲ್ಲ. ಹಾಳೆ ಕೈಯಿಂದ ಜಾರಿತು. ನಾಲಿಗೆ ನಿಲ್ಲಲಿಲ್ಲ. ತೋಳುಗಳು ತಾವಾಗಿ ಮಡಚಿಕೊಂಡವು. ಭಾರ ಬಂತು. ಬೆಚ್ಚಗಿತ್ತು. ಕತ್ತಿನ ಹತ್ತಿರ ಪುಟ್ಟ ಉಸಿರು. ಒಮ್ಮೆ. ಇನ್ನೊಮ್ಮೆ. ಆಮೇಲೆ ಇಲ್ಲ.

"ಸರಿಯಾಗಿ ಕೇಳಿಸ್ಕೊಂಡೆನಾ?" ಎಂದು ಅವನ ಬಾಯಿ ಕೇಳಿತು.

"ಹೌದು," ಎಂದಳು ಹೆಂಗಸು. ಅವಳ ತೋಳುಗಳು ಹನ್ನೊಂದು ವರ್ಷದ ಮೇಲೆ ಸಡಿಲಾಗಿ ಕೆಳಗಿಳಿದವು.

ಬಾಗಿಲು ತೆರೆಯಿತು. ದೊಡ್ಡ ಡಾಕ್ಟರು ಹೊರಗೇ ನಿಂತು ಕಾಯುತ್ತಿದ್ದರು. ಅವರನ್ನು ಕಂಡದ್ದೇ ಹೆಂಗಸಿಗೆ ಗುರುತು ಮರಳಿತು; "ಅಣ್ಣಾ!" ಎಂದು ಎದ್ದು ಓಡಿದಳು.

"ಸರ್," ಎಂದ ಅವನು. "ಅದು ನಿಮ್ಮ ಮಗು. ಇವ್ರು ನಿಮ್ಮ ತಂಗಿ. ನೀವೇ ಕೇಳ್ಬಹುದಿತ್ತಲ್ಲ?"

"ಎಷ್ಟೋ ಸಲ ಬಂದು ಕೂತೆ ಕಣಪ್ಪ. ಧೈರ್ಯ ಬರ್ಲಿಲ್ಲ. ಹೋದ ತಿಂಗಳು ಕಳಿಸಿದೋನು ಅರ್ಧಕ್ಕೇ ಎದ್ದ. ನೀನು ಏಳಲ್ಲ ಅಂತ ಗೊತ್ತಿತ್ತು."

"ನಿಮ್ಮನ್ನ ಅಪ್ಪ ಅಂದ್ಕೊಂಡಿದ್ದೆ."

ದೊಡ್ಡ ಡಾಕ್ಟರು ತಂಗಿಯ ಹೆಗಲು ಬಳಸಿಕೊಂಡು ಹೊರಟೇಹೋದರು. ನಂಬಿಸಿ ಕತ್ತು ಕುಯ್ಯುವುದೆಂದರೆ ಇದೇ. ತಿದ್ದಿದ್ದು, ಬೆನ್ನು ತಟ್ಟಿದ್ದು, ಹೊಗಳಿದ್ದು, ಎಲ್ಲವೂ ಈ ಒಂದು ಮಧ್ಯಾಹ್ನಕ್ಕಾಗಿ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅವನಿಗೆ ಹೆದರಿಕೆಗಿಂತ ಮೊದಲು ಅಳು ಬಂತು.

ಅಂದು ಕೂಸಿನೊಡನೆ ಹೋದದ್ದು ಅಪ್ಪನ ಮುಖ. ಮರುದಿನ ಓದಿದ ಶಾಲೆ, ಅದರ ಮರುದಿನ ಹುಟ್ಟಿದ ಮನೆಯ ಬಾಗಿಲು. ಹನ್ನೊಂದು ವರ್ಷ ಹಿಡಿದದ್ದು ಅವಳಿಗೆ. ಇವನ ಚಿಕ್ಕ ಬದುಕು ಇಪ್ಪತ್ತು ದಿನಕ್ಕೇ ಬರಿದಾಗುತ್ತಾ ಬಂತು. ಅದೇ ವಾರ್ಡಿನಲ್ಲಿ ಅವನಿಗೊಂದು ಮಂಚ ಹಾಕಿದರು. ಇಪ್ಪತ್ತೊಂದನೆಯ ದಿನ, ಕೂಸಿನ ಕತೆ ಮತ್ತು ಅದನ್ನು ಹೊರಿಸಿದವರನ್ನು ಬಿಟ್ಟರೆ, ಅವನಿಗೆ ಉಳಿದಿದ್ದವಳು ಅಮ್ಮ ಒಬ್ಬಳೇ.

ಆ ಮಧ್ಯಾಹ್ನ ಅವಳೇ ಬಂದು ಮಂಚದ ಅಂಚಿಗೆ ಕೂತಳು. ಸೆಟೆದ ತೋಳುಗಳನ್ನು ಸವರಿದಳು.

"ಏನಾಯ್ತೋ ಮಗನೇ? ಎಲ್ಲ ಹೇಳ್ಬಿಡು. ದೊಡ್ಡ ಡಾಕ್ಟ್ರು ಹೇಳಿದ್ರು, ಅವನು ಹೇಳಿದ್ದನ್ನೆಲ್ಲ ನೀವೂ ತಿರುಗಿ ಹೇಳ್ತಾ ಹೋಗಿ ತಾಯಿ, ಅವನ ಮನಸ್ಸು ಹಗುರಾಗುತ್ತೆ ಅಂತ."

ತನ್ನ ಪಾಪ ತೊಳೆದುಕೊಳ್ಳಲು ಆ ಮನುಷ್ಯನಿಗೆ ಸಿಕ್ಕಿದ್ದು ಇವನ ಅಮ್ಮ! ಇಡೀ ಕತೆ ನಾಲಿಗೆಯ ತುದಿಗೆ ಬಂದು ನಿಂತಿತ್ತು. ತುಟಿ ಕಚ್ಚಿ ಹಿಡಿದ. ಬಾಯಲ್ಲಿ ರಕ್ತದ ಉಪ್ಪು.

"ಅಮ್ಮ, ಎದ್ದು ಹೋಗು. ನೀನು ಯಾರು ಅಂತ ನನಗೆ ಗೊತ್ತಿರುವಾಗ್ಲೇ ಹೋಗು."

"ಇದೇನು ಮಾತೋ! ನಿನ್ನ ಈ ಸ್ಥಿತೀಲಿ ಬಿಟ್ಟು ಎಲ್ಲಿಗೆ ಹೋಗ್ಲಿ?"

"ಅಮ್ಮ, ನಿನ್ನ ಕಾಲಿಗೆ ಬೀಳ್ತೀನಿ. ಮೂರು ಗಂಟೆ ಆಗ್ತಿದೆ. ಹೋಗು."

ಅಮ್ಮ ಹೋಗಲಿಲ್ಲ. ಇನ್ನಷ್ಟು ಹತ್ತಿರ ಸರಿದು, ಅವನ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದುಕೊಂಡಳು.

ಭಾರ ಬಂತು. ಉಸಿರು ಬಂತು. ಒಮ್ಮೆ. ಇನ್ನೊಮ್ಮೆ. ನಿಂತಿತು.

ಅವನು ಕಣ್ಣು ಬಿಟ್ಟ. ಯಾರೋ ಹೆಂಗಸೊಬ್ಬಳು ಮಂಚದ ಅಂಚಿಗೆ ಕೂತು ಅವನ ಕೈ ಹಿಡಿದಿದ್ದಳು. ಅಳುತ್ತಿದ್ದಳು. ಒಳ್ಳೆಯವಳಂತೆ ಕಂಡಳು. ಹೇಳಿದ್ದನ್ನೆಲ್ಲ ಕೇಳುವವಳಂತೆ ಕಂಡಳು.

ಅವನು ಹೇಳಲು ಶುರುಮಾಡಿದ.